ಲೈನ್ ಬಂತಾ?

ಸ್ಟುಟ್‌ಗಾರ್ಟಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿ, ಮಗುವನ್ನು ಶಾಲೆಗೆ ಸೇರಿಸಲು ಹೋಗಿ, ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋಗಿ, ಕೈಗೆ ಬರುವ ಫಾರಂ ಹೆಚ್ಚುಕಡಿಮೆ ಒಂದೇ ತರಹದ್ದು. ಹೆಸರು, ಹುಟ್ಟಿದ ತಾರೀಖು, ವಿಳಾಸ, ಅದರ ಕೆಳಗೆ ಫೋನ್ ನಂಬರಿಗೊಂದು ಗೆರೆ. ಹೊಸಬರ ಪೆನ್ನು ಆ ಗೆರೆಯ ಮೇಲೆ ನಿಂತುಬಿಡುತ್ತದೆ. ಕೈಯಲ್ಲಿ ಫೋನಿದೆ, ಅದರಲ್ಲಿ ಬೆಂಗಳೂರಿನ ಸಿಮ್ಮಿದೆ, ಬಂಧುಬಳಗಕ್ಕೆಲ್ಲ ಬಾಯಿಪಾಠವಾಗಿರುವ ನಂಬರಿದೆ. ಅದನ್ನೇ ಬರೆದುಕೊಟ್ಟರೆ ಕೌಂಟರಿನ ಆಚೆ ಕೂತವರು ಅಂಕಿಗಳನ್ನೊಮ್ಮೆ ನೋಡಿ, “ಜರ್ಮನಿಯ ನಂಬರ್ ಬಂದ ಮೇಲೆ ತಿಳಿಸಿ” ಎಂದು ಫಾರಮನ್ನು ಪಕ್ಕಕ್ಕಿಡುತ್ತಾರೆ. ಅವರ ಮಾತಿನಲ್ಲಿ ಒರಟುತನ ಇರುವುದಿಲ್ಲ. ಆದರೂ ಹೊರಗೆ ಬಂದು ಬೀದಿಯಲ್ಲಿ ನಿಂತಾಗ, ಈ ಊರಿನಲ್ಲಿ ಯಾರಾದರೂ ನನ್ನನ್ನು ಕರೆಯಬೇಕೆಂದರೆ ಕರೆಯಲು ದಾರಿಯೇ ಇಲ್ಲ ಎಂಬುದು ಎದೆಗೆ ತಟ್ಟುತ್ತದೆ.

ಊರು ಬಿಟ್ಟು ಬಂದವರು ಚಳಿಯ ಬಗ್ಗೆ, ಊಟದ ಬಗ್ಗೆ, ಭಾಷೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಚಳಿಗೆ ಕೋಟು ಸಿಕ್ಕಿತು, ಬೇಳೆ ಅಕ್ಕಿ ತಮಿಳರ ಅಂಗಡಿಯಲ್ಲಿ ಸಿಕ್ಕಿತು, ಭಾಷೆ ನಿಧಾನಕ್ಕೆ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಫೋನು ಮತ್ತು ಇಂಟರ್ನೆಟ್ಟು ಇಲ್ಲದ ಆ ಮೊದಲ ವಾರಗಳೇ. ಬಾಷ್ ಕಂಪನಿಯ ಊರು ಇದು. ಅದರ ದೊಡ್ಡ ಕಚೇರಿಯೊಂದು ನಮ್ಮ ಆಡುಗೋಡಿಯಲ್ಲಿರುವುದರಿಂದ ಬೆಂಗಳೂರಿನ ಎಂಜಿನಿಯರುಗಳಿಗೆ ಸ್ಟುಟ್‌ಗಾರ್ಟ್ ಹೊಸ ಹೆಸರೇನಲ್ಲ. ನಮಗಿಂತ ಮುಂಚೆ ಬಂದವರು ಎಷ್ಟೋ ಜನ. ಅವರೆಲ್ಲ ಪಾತ್ರೆ ಪಡಗ, ಕುಕ್ಕರಿನ ಗ್ಯಾಸ್ಕೆಟ್ಟು, ಹುಣಸೆಹಣ್ಣಿನವರೆಗೂ ಪಟ್ಟಿ ಕೊಟ್ಟಿದ್ದರು. ಲೈನು ಬರುವವರೆಗೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಬಹುಶಃ ಲೈನು ಬಂದ ಮೇಲೆ ಆ ದಿನಗಳು ಮರೆತುಹೋಗುತ್ತವೆ.

ನನಗೆ ಮರೆಯುವುದು ಸುಲಭವಿಲ್ಲ. ನಾನು ಬೆಳೆದದ್ದು ದೂರವಾಣಿ ನಗರದಲ್ಲಿ. ಕೆ.ಆರ್. ಪುರದ ಹತ್ತಿರ, 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆ ಅದು. ಅಪ್ಪ ಅಲ್ಲಿ ಸ್ಟ್ರೌಜರ್ ಎಕ್ಸ್‌ಚೇಂಜಿನ ಜೋಡಣೆಯಲ್ಲಿ ಕೆಲಸಕ್ಕೆ ಸೇರಿ, ನಿವೃತ್ತಿಯವರೆಗೂ ಅಲ್ಲೇ ಇದ್ದವರು. ದೇಶಕ್ಕೆಲ್ಲ ಕಪ್ಪು ಡಯಲ್ ಫೋನು ಕಳಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರ ಮನೆಗಳಲ್ಲೇ ಎಷ್ಟೋ ವರ್ಷ ಫೋನಿರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ. ನಮ್ಮ ಮನೆಗೆ ಕಡೆಗೂ ಫೋನು ಬಂದ ದಿನ ಅಪ್ಪ ಲೈನ್‌ಮನ್ನಿಗೆ ಪಾಯಸ ಬಡಿಸಿದ್ದು ನೆನಪಿದೆ. ಆಮೇಲೆ ಬೀದಿಯಲ್ಲಿ ಯಾರ ಮನೆಗೆ ಸಂಪರ್ಕ ಕೊಡುತ್ತಿದ್ದರೂ ಅವರು ಹೋಗಿ ಕೇಳುತ್ತಿದ್ದ ಮಾತು ಒಂದೇ: “ಲೈನ್ ಬಂತಾ?” ಜರ್ಮನಿಗೆ ಬಂದ ಮೇಲೆ ನನಗೂ ದಿನಾ ಅದೇ ಪ್ರಶ್ನೆ. ಬೆಂಗಳೂರಿನ ನಂಬರಿಗೆ ಎಸ್ಎಂಎಸ್ ಮಾಡಿ ಕೇಳುತ್ತಿದ್ದರು.

ಆ ಬೆಂಗಳೂರಿನ ನಂಬರನ್ನು ಬಿಡುವಂತಿರಲಿಲ್ಲ. ಬ್ಯಾಂಕಿನ ಓಟಿಪಿ ಅದಕ್ಕೇ ಬರಬೇಕು, ಆಧಾರ್ ಅದಕ್ಕೇ ಜೋಡಣೆಯಾಗಿದೆ, ಅಪ್ಪ ಅಮ್ಮನ ಮನೆಯ ಬೆಸ್ಕಾಂ ಬಿಲ್ಲು ಕಟ್ಟುವ ಯುಪಿಐ ಅದರ ಮೇಲೇ ನಿಂತಿದೆ. ಅನಿವಾಸಿಗಳು ತಾವಿರುವ ದೇಶದ ನಂಬರಿನಿಂದಲೇ ಯುಪಿಐ ಬಳಸಬಹುದು ಎಂದು 2023ರ ಜನವರಿಯಲ್ಲಿ ಹತ್ತು ದೇಶಗಳ ಪಟ್ಟಿ ಬಂದಾಗ ಸಿಂಗಪುರ, ಅಮೆರಿಕ, ಇಂಗ್ಲೆಂಡು, ಕೊಲ್ಲಿಯ ಕೆಲವು ನಾಡುಗಳು ಅದರಲ್ಲಿದ್ದವು, ಜರ್ಮನಿ ಇರಲಿಲ್ಲ. ಹಾಗಾಗಿ ಎರಡು ಸಿಮ್ಮಿನ ಫೋನು ಇಲ್ಲಿಯ ಭಾರತೀಯರಿಗೆ ಅನಿವಾರ್ಯ. ಒಳಬರುವ ಎಸ್ಎಂಎಸ್‌ಗೆ ರೋಮಿಂಗಿನಲ್ಲೂ ಸಾಮಾನ್ಯವಾಗಿ ಹಣ ಬೀಳುವುದಿಲ್ಲ. ಕರೆಗೆ, ಡೇಟಾಕ್ಕೆ ಮಾತ್ರ ಕೈಯಿಡುವಂತಿಲ್ಲ. 90 ದಿನ ಮುಟ್ಟದಿದ್ದರೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಪ್ರೀಪೇಯ್ಡ್ ನಂಬರು ಕೈತಪ್ಪುತ್ತದೆ ಎಂಬ ನಿಯಮ ನೆನಪಿಟ್ಟುಕೊಂಡು ಅಲ್ಲಿಂದ ಅಪ್ಪ ರೀಚಾರ್ಜ್ ಮಾಡಿಸುತ್ತಾರೆ. ಅಪ್ಪನಿಂದ ಬಿಲ್ಲು ಕಟ್ಟಿಸಬಾರದೆಂದು ನಾನು ಉಳಿಸಿಕೊಂಡ ನಂಬರನ್ನು ಅಪ್ಪನೇ ಉಳಿಸಿಕೊಡುತ್ತಿದ್ದಾರೆ.

ಇಲ್ಲಿ ಸಿಮ್ ಕಾರ್ಡಿಗೆ ಬರವಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಟೊಮೆಟೊ, ಹಾಲು ಕೊಳ್ಳುವ ಕೌಂಟರಿನಲ್ಲೇ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಕೊಂಡು ತಂದರೆ ಅದಕ್ಕೆ ಜೀವವಿರುವುದಿಲ್ಲ. 2017ರ ಜುಲೈಯಿಂದ, ಕೊಂಡವರ ಗುರುತು ಪರೀಕ್ಷೆಯಾಗದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವಂತಿಲ್ಲ. ಭಯೋತ್ಪಾದನೆ ತಡೆಯಲು ತಂದ ಕಾನೂನು. ಅದರ ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಪರೀಕ್ಷೆಗೆ ಸುಲಭದ ದಾರಿ ಎಂದರೆ ವಿಡಿಯೋ ಕರೆ. ಪಾಸ್‌ಪೋರ್ಟನ್ನು ಕ್ಯಾಮೆರಾದ ಮುಂದೆ ಹಿಡಿದು, ಅತ್ತ ಇತ್ತ ವಾಲಿಸಿ, ಹೊಳೆಯುವ ಮುದ್ರೆಯನ್ನು ತೋರಿಸಿ, ಕೇಳಿದ್ದಕ್ಕೆ ಉತ್ತರಿಸಬೇಕು. ಅದಕ್ಕೆ ತಡವರಿಸದ ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗಾಗಿಯೇ ಅಲ್ಲವೇ ಈ ಸಿಮ್ಮು? ಬಾವಿಯಿಂದ ನೀರು ಸೇದುವ ಹಗ್ಗ ಬಾವಿಯೊಳಗೇ ಬಿದ್ದ ಹಾಗಾಯಿತು.

ಪ್ರೀಪೇಯ್ಡ್ ಬೇಡ, ತಿಂಗಳ ಬಿಲ್ಲಿನ ಕಾಂಟ್ರ್ಯಾಕ್ಟೇ ಇರಲಿ ಎಂದರೆ ಬ್ಯಾಂಕ್ ಖಾತೆ ಬೇಕು. ಬಿಲ್ಲಿನ ಹಣವನ್ನು ಅವರೇ ಖಾತೆಯಿಂದ ಎಳೆದುಕೊಳ್ಳುತ್ತಾರೆ. ಬ್ಯಾಂಕಿಗೆ ಹೋದರೆ ವಿಳಾಸ ನೋಂದಣಿಯ ಕಾಗದ ಕೇಳುತ್ತಾರೆ. ‘ಆನ್‌ಮೆಲ್ಡುಂಗ್ ಆಯ್ತಾ?’ ಎಂಬುದು ಇಲ್ಲಿ ಕನ್ನಡಿಗರು ಹೊಸಬರನ್ನು ಕೇಳುವ ಮೊದಲ ಕುಶಲಪ್ರಶ್ನೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ, ಈ ವಿಳಾಸದಲ್ಲಿ ಈ ಇಷ್ಟು ಜನ ಇದ್ದೇವೆ ಎಂದು ಬರೆಸಬೇಕು. ಬರೆಸಲು ಮನೆಯ ಮಾಲೀಕರ ಸಹಿಯ ಕಾಗದ ಬೇಕು. ಮಾಲೀಕರು ಮನೆ ಕೊಡುವ ಮುನ್ನ ಸಾಲಸೋಲದ ಚರಿತ್ರೆ ನೋಡುತ್ತಾರೆ. ಅದನ್ನು ಬರೆದಿಡುವ ಶೂಫಾ ಎಂಬ ಸಂಸ್ಥೆ 1927ರಿಂದ ಇದೆ. ನಿನ್ನೆ ಮೊನ್ನೆ ಬಂದಿಳಿದವರ ಪುಟ ಅದರಲ್ಲಿ ಖಾಲಿ. ಫೋನಿನ ಕಂಪನಿಗಳೂ ನೋಡುವುದು ಅದೇ ಪುಟವನ್ನೇ. ಇನ್ನು, ಕಚೇರಿಯಲ್ಲಿ ಭೇಟಿಯ ಸಮಯ ಗೊತ್ತುಮಾಡಿಕೊಳ್ಳುವುದು ಇಂಟರ್ನೆಟ್ಟಿನಲ್ಲಿ, ಮನೆ ತೋರಿಸುವವರು ಕರೆಯುವುದು ಫೋನಿನಲ್ಲಿ. ಒಂದೊಂದು ಬೇಡಿಕೆಗೂ ಅದರದೇ ನ್ಯಾಯವಿದೆ, ನಿಜ. ಎಲ್ಲ ಸೇರಿದಾಗ ಮಾತ್ರ ಹೊಸಬರು ಒಳಗೆ ಕಾಲಿಡಲು ಸಂದು ಉಳಿಯುವುದಿಲ್ಲ.

ಈ ಸುತ್ತನ್ನು ಮುರಿದುಕೊಟ್ಟದ್ದು ಪ್ರತಿ ಸಲವೂ ಯಾರೋ ಒಬ್ಬರು ಮನುಷ್ಯರೇ. ನಮ್ಮ ಭಾರತೀಯ ಪಾಸ್‌ಪೋರ್ಟನ್ನು ಆ ವಿಡಿಯೋ ಸೇವೆ ಒಪ್ಪಲಿಲ್ಲ. ಅಂಚೆ ಕಚೇರಿಗೆ ಹೋಗಿ ಗುರುತು ತೋರಿಸಿ ಎಂದಿತು. ಅಂಚೆಯ ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ಮೂರೂ ಪಾಸ್‌ಪೋರ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದರು. ನನ್ನದರಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು, ಯಜಮಾನರದರಲ್ಲಿ ಅವರ ಊರಿನ ಹೆಸರು, ಮಗಳದರಲ್ಲಿ ಯಜಮಾನರ ಹೆಸರು. ಇನಿಷಿಯಲ್ಲನ್ನು ಬಿಡಿಸಿ ಬರೆದರೆ ಕನ್ನಡದ ಮನೆಗಳಲ್ಲಿ ಆಗುವುದೇ ಹೀಗೆ. “ನೀವು ಮೂವರೂ ಒಂದೇ ಮನೆಯವರಾ?” ಎಂದು ಕೇಳಿದರು. ಹೌದೆಂದೆ. ನನಗೆ ಬರುವ ಮುರುಕು ಜರ್ಮನ್ನಿನಲ್ಲಿ, ನಮ್ಮಲ್ಲಿ ಮಕ್ಕಳ ಹೆಸರಿನ ಜೊತೆ ಊರೋ ತಂದೆಯೋ ಬರುತ್ತಾರೆ ಎಂದು ವಿವರಿಸಿದೆ. ಹಿಂದೆ ನಿಂತ ಸಾಲು ಉದ್ದವಾಗುತ್ತಿದ್ದರೂ ಅವರು ಪೂರಾ ಕೇಳಿಸಿಕೊಂಡರು. ಆಮೇಲೆ ಪ್ರತಿಯೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ಟೈಪು ಮಾಡಿದರು. ಒಂದು ಅಕ್ಷರ ತಪ್ಪಿದರೂ ಮುಂದೆ ನಿಮಗೇ ತೊಂದರೆ ಎಂದರು. ಅಂದು ಸಂಜೆಯೊಳಗೆ ಸಿಮ್ಮಿಗೆ ಜೀವ ಬಂತು.

ಎಸ್ಲಿಂಗನ್ನಿನ ದಾರಿಯಲ್ಲಿ ಲೋಕಲ್ ರೈಲಿನಲ್ಲಿ ಕೂತು ಅಪ್ಪನಿಗೆ ಮೊದಲ ಕರೆ ಮಾಡಿದೆ. ಎಸ್ಲಿಂಗನ್ ಕನ್ನಡಿಗರು ತಿಳಿದಿರಬೇಕಾದ ಊರು. ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲೇ; ಹುಟ್ಟಿದ ಬ್ರಾಕನ್‌ಹೈಮ್ ಕೂಡ ಇದೇ ಸೀಮೆಯದು. ಈ ಬೆಟ್ಟಸಾಲುಗಳ ನಡುವಿನಿಂದ ಹೊರಟು 1836ರಲ್ಲಿ ಮಂಗಳೂರಿನಲ್ಲಿ ಇಳಿದವನಿಗೆ ಮನೆಯ ಕಾಗದ ಬರಲು ತಿಂಗಳುಗಳೇ ಬೇಕಿದ್ದ ಕಾಲ. ಅಲ್ಲಿ ನೆಲೆಯೂರಿ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ತಂದ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಪರದೇಶದಿಂದ ಬಂದು ಸುದ್ದಿಗೆ ದಾರಿ ಮಾಡಿಕೊಟ್ಟವನ ಕೈಯಿಂದ. ಅವನ ಬದುಕಿನ ಕೊನೆಯ ಭಾಗದಲ್ಲಿ, 1870ರಲ್ಲಿ, ಸೀಮೆನ್ಸ್ ಸೋದರರು ಲಂಡನ್ನಿನಿಂದ ಬರ್ಲಿನ್, ಒಡೆಸ್ಸಾ, ಟೆಹರಾನ್ ಮೂಲಕ ಕಲ್ಕತ್ತೆಯವರೆಗೆ ತಂತಿಯ ಸಂಪರ್ಕ ಕಲ್ಪಿಸಿದರು. ಅಷ್ಟು ದೂರದ ಸುದ್ದಿ ಅರ್ಧ ಗಂಟೆಯಲ್ಲಿ ಮುಟ್ಟುವಂತಾಯಿತು. ಇದನ್ನೆಲ್ಲ ಅಪ್ಪನಿಗೆ ಹೇಳಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ರೈಲು ಗುಡ್ಡದ ಪಕ್ಕಕ್ಕೆ ಹೊರಳಿ ಸಿಗ್ನಲ್ ಹೋಯಿತು.

ಸಿಮ್ಮಿನ ಡೇಟಾ ಒಂದು ಮನೆಗೆ ಸಾಲುವುದಿಲ್ಲ. ಯಜಮಾನರಿಗೆ ಆಫೀಸಿನಲ್ಲಿ ಇಂಟರ್ನೆಟ್ಟಿತ್ತು, ನನಗೂ ಮಗಳಿಗೂ ಇರಲಿಲ್ಲ. ನಾನು ಮನೆಯಿಂದಲೇ ಭಾಷಾಂತರದ ಕೆಲಸ ಮಾಡುವವಳು. ಬೆಳಗಾದರೆ ಮಾಯಿಲೆಂಡರ್ ಚೌಕದ ನಗರ ಗ್ರಂಥಾಲಯಕ್ಕೆ ಹೋಗುತ್ತಿದ್ದೆವು. ಕೊರಿಯಾ ಮೂಲದ ಉನ್ ಯಂಗ್ ಯೀ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 2011ರಲ್ಲಿ ತೆರೆದ ಚೌಕಾಕಾರದ ಕಟ್ಟಡ ಅದು. ಒಳಗೆಲ್ಲ ಬಿಳಿ ಗೋಡೆ, ಬಿಳಿ ಮೆಟ್ಟಿಲು. ಮಹಡಿ ಮಹಡಿಗೂ ಸುತ್ತುವರಿದ ಪುಸ್ತಕಗಳೇ ಅಲ್ಲಿಯ ಬಣ್ಣ. ಬಾಗಿಲಲ್ಲಿ ಯಾರೂ ಕಾಗದ ಕೇಳುವುದಿಲ್ಲ, ಒಳಗೆ ವೈಫೈ ಉಚಿತ. ಅಲ್ಲಿ ಕೂತು ಸುತ್ತ ನೋಡಿದರೆ ಊರಿಗೆ ಹೊಸಬರು ಯಾರೆಂದು ಗೊತ್ತಾಗಿಬಿಡುತ್ತಿತ್ತು. ಚಾರ್ಜರ್ ಚುಚ್ಚುವ ಜಾಗದ ಪಕ್ಕ ಕೂರುವವರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತುಟಿಯಷ್ಟೇ ಅಲ್ಲಾಡಿಸಿ ಯಾರ ಜೊತೆಗೋ ಮಾತಾಡುವವರು, ಫಾರಂ ಹರವಿಕೊಂಡು ನಿಟ್ಟುಸಿರು ಬಿಡುವವರು. ಸಿರಿಯಾದ ಒಬ್ಬ ತಾಯಿ ದಿನವೂ ಬರುತ್ತಿದ್ದಳು. ನಮಗಿಬ್ಬರಿಗೂ ಸಮಾನವಾದ ಭಾಷೆಯಿಲ್ಲ. ಅವಳು ಫೋನನ್ನು ನನ್ನತ್ತ ತಿರುಗಿಸಿ ಪರದೆಯಲ್ಲಿದ್ದ ಮುದುಕಿಯನ್ನು ತೋರಿಸಿ ಎದೆ ಮುಟ್ಟಿಕೊಂಡಳು. ನಾನೂ ಅಮ್ಮನ ಫೋಟೋ ತೋರಿಸಿದೆ. ಯಾರಿಂದಲೂ ಏನನ್ನೂ ಕೇಳದೆ ಒಳಗೆ ಬಿಡುವ ಒಂದು ಕಟ್ಟಡ ಊರಿನ ನಡುಮಧ್ಯದಲ್ಲಿದೆ ಎಂಬುದಕ್ಕೆ ನಾನು ಈ ಊರಿಗೆ ಎಂದೆಂದಿಗೂ ಋಣಿ.

ಎರಡನೆಯ ಋಣ ಎದುರು ಮನೆಯ ಅಜ್ಜಿಯದು. ಗ್ರಂಥಾಲಯಕ್ಕೆ ಲ್ಯಾಪ್‌ಟಾಪು ಹೊತ್ತು ಹೋಗುವ ನಮ್ಮನ್ನು ಕೆಲ ದಿನ ನೋಡಿದವರು ಒಂದು ಸಂಜೆ ಬಾಗಿಲು ತಟ್ಟಿ, ನಮ್ಮ ಮನೆಯ ವೈಫೈ ಉಪಯೋಗಿಸಿಕೊಳ್ಳಿ ಎಂದರು. ಅದು ಸಣ್ಣ ಮಾತಲ್ಲ. ಈ ದೇಶದಲ್ಲಿ ಯಾರದೋ ಸಂಪರ್ಕದಿಂದ ಕದ್ದ ಸಿನಿಮಾ ಇಳಿಸಿಕೊಂಡರೆ ವಕೀಲರ ಕಾಗದ ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರಿಗೆ. ವೈಫೈಗೆ ಸರಿಯಾದ ಬೀಗ ಹಾಕದವರೂ ಹೊಣೆ ಹೊರಬೇಕೆಂದು 2010ರಲ್ಲಿ ಇಲ್ಲಿಯ ಉನ್ನತ ನ್ಯಾಯಾಲಯ ಹೇಳಿತ್ತು. 2017ರಲ್ಲಿ ಕಾನೂನು ಬದಲಾಗಿ ಆ ಭಾರ ಬಹಳ ಮಟ್ಟಿಗೆ ಇಳಿದರೂ ಜನರ ಮನಸ್ಸಿನ ಅಳುಕು ಹೋಗಿಲ್ಲ. ಮೊಮ್ಮಗನೊಬ್ಬ ಎಂದೋ ಮಾಡಿದ್ದಕ್ಕೆ ಅಜ್ಜಿಯೇ ದಂಡ ತೆತ್ತವರು. ಅಂಥವರು ರೌಟರಿನಲ್ಲಿ ಅತಿಥಿಗಳ ಜಾಲವನ್ನು ಮಗನಿಂದ ತೆರೆಸಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತಂದಿದ್ದರು. ಇಲ್ಲಿಯವರು ಒಂದನ್ನು ಬರೆದರೆ ನಮ್ಮ ಕಣ್ಣಿಗೆ ಏಳು. ಏಳಿಗೆ ಅವರು ಸೊಂಟದಲ್ಲೊಂದು ಅಡ್ಡಗೆರೆ ಎಳೆಯುತ್ತಾರೆ. ಅಜ್ಜಿ ಮಗಳ ಪಕ್ಕ ಕೂತು ಅಂಕಿ ಅಂಕಿಯಾಗಿ ಓದಿಸಿದರು. ಅವಳು ಕಲಿತ ಮೊದಲ ಜರ್ಮನ್ ಪಾಠ ಅದೇ. ಆ ಚೀಟಿಯನ್ನು ನಾನು ಜೋಪಾನವಾಗಿಟ್ಟಿದ್ದೇನೆ.

ಮನೆಗೆ ಸ್ವಂತ ಲೈನು ಬರುವ ಕಥೆ ಬಾಗಿಲ ಗಂಟೆಯಿಂದ ಶುರುವಾಗುತ್ತದೆ. ಬೆಂಗಳೂರಿನ ವಿಳಾಸದಲ್ಲಿ ಮೇನು, ಕ್ರಾಸು, ಹಂತ, ಗಣೇಶನ ಗುಡಿಯ ಎದುರು ಎಲ್ಲವೂ ಇರುತ್ತದೆ. ಮನೆಯವರ ಹೆಸರು ಹೇಳದಿದ್ದರೂ ಕೊರಿಯರ್ ಹುಡುಗ ಬಂದು ನಿಲ್ಲುತ್ತಾನೆ. ಇಲ್ಲಿ ಕಟ್ಟಡಕ್ಕೆ ನಂಬರಿದೆ, ಒಳಗಿನ ಫ್ಲಾಟುಗಳಿಗೆ ಸಾಮಾನ್ಯವಾಗಿ ಇಲ್ಲ. ಗಂಟೆಯ ಪಕ್ಕ, ಅಂಚೆಪೆಟ್ಟಿಗೆಯ ಮೇಲೆ ಬರೆದ ಹೆಸರೇ ವಿಳಾಸ. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಕಾಗದ ಹಾಕದೆ ಹಿಂದಕ್ಕೆ ಕಳಿಸಿಬಿಡುತ್ತಾರೆ. ಮತ್ತು ಇಲ್ಲಿ ಎಲ್ಲ ಬರುವುದೂ ಅಂಚೆಯಲ್ಲೇ: ತೆರಿಗೆಯ ಸಂಖ್ಯೆ, ಬ್ಯಾಂಕಿನ ಕಾರ್ಡು, ಕಾರ್ಡಿನ ಗುಟ್ಟಿನ ಸಂಖ್ಯೆ ಬೇರೆ ಲಕೋಟೆಯಲ್ಲಿ, ಇಂಟರ್ನೆಟ್ಟಿನ ಲಾಗಿನ್ನು ಇನ್ನೊಂದು ಲಕೋಟೆಯಲ್ಲಿ. ಗಂಟೆಯ ಪಕ್ಕದ ಬೆರಳಗಲದ ಪಟ್ಟಿಯಲ್ಲಿ ನಮ್ಮ ಮೂರು ಹೆಸರು ಹಿಡಿಸುವುದು ಹೇಗೆ? ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಚಿಕ್ಕ ಅಕ್ಷರದಲ್ಲಿ ಮೂರನ್ನೂ ಒಂದರ ಕೆಳಗೊಂದು ಅಚ್ಚು ಹಾಕಿಸಿ ಕೂರಿಸಿದ. ಒಂದು ಹೆಸರು ಸಾಲದೇ ಎಂದು ಅವನು ಕೇಳಲಿಲ್ಲ. ಅಪ್ಪನ ಹೆಸರು, ಮಾವನವರ ಊರಿನ ಹೆಸರು ಸ್ಟುಟ್‌ಗಾರ್ಟಿನ ಬೀದಿಯೊಂದರ ಬಾಗಿಲಲ್ಲಿ ಕೂತಿರುವುದನ್ನು ನೋಡಿ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಕಾಂಟ್ರ್ಯಾಕ್ಟು ಓದಲು ಕುಳಿತಾಗ ಈ ದೇಶದ ಇನ್ನೊಂದು ಮುಖ ಕಂಡಿತು. ಮೊದಲ ಅವಧಿ 24 ತಿಂಗಳು ಮೀರುವಂತಿಲ್ಲ. ಅದು ಮುಗಿದ ಮೇಲೆ ಒಂದು ತಿಂಗಳ ನೋಟಿಸಿನಲ್ಲಿ ಯಾವಾಗ ಬೇಕಾದರೂ ಬಿಡಬಹುದು. 2021ರ ಡಿಸೆಂಬರಿಗೆ ಮುಂಚೆ, ಸಮಯಕ್ಕೆ ಸರಿಯಾಗಿ ಬರೆದು ತಿಳಿಸದಿದ್ದರೆ ಇನ್ನೊಂದು ವರ್ಷಕ್ಕೆ ತಾನಾಗಿ ಕಟ್ಟುಬೀಳುವುದೇ ಇಲ್ಲಿಯ ವಾಡಿಕೆಯಾಗಿತ್ತು. ಸಹಿ ಹಾಕುವ ಮುನ್ನವೇ ವೇಗವೆಷ್ಟು, ಬೆಲೆಯೆಷ್ಟು, ಅವಧಿಯೆಷ್ಟು ಎಂಬ ಸಾರಾಂಶವನ್ನು ಕಂಪನಿ ಬರೆದು ಕೊಡಬೇಕು. ಆನ್‌ಲೈನಿನಲ್ಲಿ ಒಪ್ಪಿದ್ದನ್ನು 14 ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಓದುವ ತಾಳ್ಮೆಯಿರುವವರ ಪರ ನಿಲ್ಲುವ ಕಾನೂನು ಇದು. ಹೊಸದಾಗಿ ಬರುವವರಿಗೆ ನಾನು ಹೇಳುವುದೂ ಅದನ್ನೇ: ಅರ್ಥವಾಗದ ಸಾಲನ್ನು ಯಾರಿಂದಲಾದರೂ ಓದಿಸಿಕೊಳ್ಳಿ, ಸಂಕೋಚ ಪಡಬೇಡಿ.

ಟೆಕ್ನಿಷಿಯನ್ ಬೆಳಿಗ್ಗೆ 8ರಿಂದ 12ರೊಳಗೆ ಬರುತ್ತಾರೆ ಎಂದು ಕಾಗದ ಬಂತು. ಆ ದಿನ ನಾನು ನೀರು ಕುದಿಸುವ ಸದ್ದು ಕೂಡ ಗಂಟೆಯ ಸದ್ದನ್ನು ಮುಚ್ಚೀತೆಂದು ಒಲೆ ಹಚ್ಚಲಿಲ್ಲ. ಯಾರೂ ಬರಲಿಲ್ಲ. ಮಧ್ಯಾಹ್ನ, ‘ನಮ್ಮವರು ಬಂದಿದ್ದರು, ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂಬ ಸಂದೇಶ ಬಂತು. ಕೋಪಕ್ಕಿಂತ ಹೆಚ್ಚಾಗಿ ದುಃಖವಾಯಿತು. ಇಡೀ ಬೆಳಗು ಕಾದು ಕೂತವಳನ್ನು ಇರಲಿಲ್ಲ ಎಂದು ಬರೆದರಲ್ಲ! ಎದುರು ಮನೆಯ ಅಜ್ಜಿಗೆ ನನಗಿಂತ ಜಾಸ್ತಿ ಸಿಟ್ಟು ಬಂತು. ಹೇಳಿದ ಹೊತ್ತಿಗೆ ಬಾರದಿದ್ದರೆ ಕಂಪನಿ ಗ್ರಾಹಕರಿಗೆ 10 ಯೂರೋ, ಇಲ್ಲವೇ ಸಂಪರ್ಕದ ತಿಂಗಳ ಶುಲ್ಕದ ಶೇಕಡಾ 20, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕೆಂದು ಅದೇ 2021ರ ಕಾನೂನು ಹೇಳುತ್ತದೆ. ಅಜ್ಜಿ ಹೇಳಿಕೊಟ್ಟು, ನಾನು ಕಾಗದ ಬರೆದು ಕಳಿಸಿದೆ. ಬಿಲ್ಲಿನಲ್ಲಿ 10 ಯೂರೋ ಇಳಿದುಬಂತು. ಬಂದ ಹಣ ದೊಡ್ಡದಲ್ಲ. ಕಾದದ್ದಕ್ಕೆ ಬೆಲೆಯಿದೆ ಎಂದು ಒಂದು ದೇಶ ಕಾನೂನಿನಲ್ಲಿ ಬರೆದಿಟ್ಟಿದೆ ಎಂಬುದು ನನಗೆ ದೊಡ್ಡದು. ಬೆಂಗಳೂರಿನಲ್ಲಿ ಕಾದ ಎಷ್ಟೋ ಬೆಳಗುಗಳು ನೆನಪಾದವು.

ಮುಂದಿನ ಸಲ ಬಂದ ಟೆಕ್ನಿಷಿಯನ್ ಹೇಳಿದ ಹೊತ್ತಿಗೇ ಬಂದ. ಐವತ್ತರ ಆಸುಪಾಸಿನ, ಬೋಸ್ನಿಯಾ ಮೂಲದವನು. ಮೊದಲು ಗೋಡೆಯ ಹಳೇ ಸಾಕೆಟ್ಟಿನಲ್ಲಿ ಮೀಟರ್ ಇಟ್ಟು ನೋಡಿ ತಲೆಯಾಡಿಸಿದ. ಆಮೇಲೆ ನೆಲಮಾಳಿಗೆಗೆ ಹೋಗಬೇಕೆಂದ. ಬೀದಿಯ ಕೇಬಲ್ಲು ಕಟ್ಟಡದೊಳಗೆ ಬಂದು ಸೇರುವ ಪೆಟ್ಟಿಗೆ ಅಲ್ಲಿರುತ್ತದೆ. ಬೀಗದ ಕೈ ಹೌಸ್‌ಮೈಸ್ಟರನದು. ಮೂವರೂ ಇಳಿದೆವು. ಅಲ್ಲಿ ಸೈಕಲ್ಲುಗಳ ರಬ್ಬರು ಮತ್ತು ಸೇಬುಹಣ್ಣಿನ ವಾಸನೆ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬಣ್ಣಬಣ್ಣದ ಸಣ್ಣ ತಂತಿಗಳು ಸಾಲಾಗಿ ಕಚ್ಚಿ ಕೂತಿದ್ದವು. ಅಪ್ಪನಿಗೆ ತೋರಿಸಬೇಕೆಂದು ಅವನನ್ನು ಕೇಳಿ ಒಂದು ಫೋಟೋ ತೆಗೆದುಕೊಂಡೆ. ನಮ್ಮಪ್ಪ ಬೆಂಗಳೂರಿನಲ್ಲಿ ಟೆಲಿಫೋನ್ ಕಾರ್ಖಾನೆಯಲ್ಲಿದ್ದವರು ಎಂದೆ. ಅವನ ಕೈ ನಿಂತಿತು. ಯುದ್ಧದ ವರ್ಷಗಳಲ್ಲಿ ತಾಯಿಯ ಜೊತೆ ಇಲ್ಲಿಗೆ ಬಂದಾಗ ಬೀದಿಯ ಹಳದಿ ಫೋನ್ ಗೂಡಿನಲ್ಲಿ ನಾಣ್ಯ ಹಿಡಿದು ನಿಲ್ಲುತ್ತಿದ್ದೆವು, ಆಚೆ ಕಡೆ ಲೈನೇ ಇರುತ್ತಿರಲಿಲ್ಲ, ಆದರೂ ತಾಯಿ ದಿನಾ ಹಚ್ಚುತ್ತಿದ್ದಳು ಎಂದ. ನಮ್ಮ ಎಸ್‌ಟಿಡಿ ಬೂತಿನ ಹಲಗೆಯೂ ಹಳದಿಯೇ ಎಂದೆ. ಇಲ್ಲಿಯ ಫೋನ್ ಗೂಡುಗಳು ಈಗಿಲ್ಲ. 2022ರ ನವೆಂಬರಿನಲ್ಲಿ ನಾಣ್ಯ ಹಾಕುವುದು ನಿಂತು, 2023ರ ಜನವರಿಯ ಕೊನೆಗೆ ಕಾರ್ಡೂ ನಿಂತಿತು.

ಲೈನು ಬಂತು. ಫೋಟೋ ಕಳಿಸಿದ ಕೂಡಲೇ ಅಪ್ಪನ ಕರೆ. “ಅದು ಕ್ರೋನ್ ಕಣಮ್ಮಾ! ಆ ಬಿಳೀ ಪಟ್ಟಿ ನೋಡು. ತಂತಿಯ ಸಿಪ್ಪೆ ಸುಲೀಬೇಕಿಲ್ಲ, ಬೆಸುಗೆ ಬೇಕಿಲ್ಲ, ಟೂಲ್ ಇಟ್ಟು ಒತ್ತಿದರೆ ಟಕ್ ಅಂತ ಕೂರುತ್ತೆ. ಅದು ಬರ್ಲಿನ್ನಿನ ಕಂಪನಿ. ನಮ್ಮ ಲೈನ್‌ಮನ್ನುಗಳ ಚೀಲದಲ್ಲೆಲ್ಲ ಅದೇ ಟೂಲು ಇರುತ್ತಿತ್ತು.” ನಾನು ಇಲ್ಲಿಗೆ ಬಂದ ಮೇಲೆ ಅಷ್ಟು ಹುರುಪಿನಿಂದ ಅವರು ಮಾತಾಡಿರಲಿಲ್ಲ. ಮಗಳು ಹೋದ ದೇಶದಲ್ಲಿ ಅವರಿಗೆ ಪರಿಚಯದ ವಸ್ತುವೊಂದು ಸಿಕ್ಕಿತ್ತು.

ಇಷ್ಟು ದೊಡ್ಡ ಎಂಜಿನಿಯರಿಂಗ್ ದೇಶದಲ್ಲಿ ಇನ್ನೂ ತಾಮ್ರದ ತಂತಿಯೇಕೆ ಎಂದು ಅವರೇ ಕೇಳಿದರು. ಹುಡುಕಿ ಓದಿದೆ. 1981ರಲ್ಲಿ ಹೆಲ್ಮುಟ್ ಷ್ಮಿಟ್ ಅವರ ಸರ್ಕಾರ ಪಶ್ಚಿಮ ಜರ್ಮನಿಗೆಲ್ಲ ಗಾಜಿನ ಎಳೆಯ ಕೇಬಲ್ ಹಾಕುವ ಯೋಜನೆ ಮಾಡಿತ್ತು. ಮರುವರ್ಷ ಬಂದ ಹೆಲ್ಮುಟ್ ಕೋಲ್ ಅವರ ಸರ್ಕಾರ ಟಿವಿಗೆಂದು ತಾಮ್ರದ ಕೇಬಲ್ಲಿಗೆ ಹಣ ಹಾಕಿತು. 2000ದಲ್ಲಿ ಮೊಬೈಲಿನ ತರಂಗಾಂತರ ಹರಾಜಿಗೆ ಕಂಪನಿಗಳು ಸುಮಾರು 50 ಬಿಲಿಯನ್ ಯೂರೋ ಸುರಿದವು; ಟವರಿಗೆ ಹೋಗಬಹುದಿದ್ದ ಹಣ ಬೊಕ್ಕಸಕ್ಕೆ ಹೋಯಿತೆಂದು ಇಲ್ಲಿ ಈಗಲೂ ಕೊರಗುವವರಿದ್ದಾರೆ. ನಮ್ಮಲ್ಲಿ ತಂತಿಗಾಗಿ ವರ್ಷಗಟ್ಟಲೆ ಕಾದವರು ತಂತಿಯನ್ನೇ ದಾಟಿ ಮೊಬೈಲಿಗೆ ಹೋದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲಂತೂ ಡೇಟಾ ಎಂಬುದು ಹಳ್ಳಿಯ ಕಟ್ಟೆಯವರೆಗೂ ಹರಿಯಿತು. ಇದರಿಂದ ನಾವು ಮುಂದೆ, ಅವರು ಹಿಂದೆ ಎನ್ನುವ ಮಾತಿಗೆ ನಾನು ಬರುವುದಿಲ್ಲ. ವಿದೇಶದಿಂದ ಬೆಂಗಳೂರಿಗೆ ಬಂದಿಳಿಯುವವರೂ ಸಿಮ್ಮಿಗಾಗಿ, ಓಟಿಪಿಗಾಗಿ ಪರದಾಡುವುದನ್ನು ನೋಡಿದ್ದೇನೆ. ಎರಡೂ ಕಡೆ ವ್ಯವಸ್ಥೆ ಕಟ್ಟಿರುವುದು ಆಗಲೇ ಒಳಗಿರುವವರಿಗಾಗಿ.

ಮನೆಮನೆಗೂ ಇಂಟರ್ನೆಟ್ ಪಡೆಯುವ ಹಕ್ಕಿದೆ ಎಂದು ಜರ್ಮನಿ 2021ರ ಕಾನೂನಿನಲ್ಲಿ ಬರೆಯಿತು. ಮರುವರ್ಷ, ಕನಿಷ್ಠ 10 ಎಂಬಿಪಿಎಸ್ ವೇಗವಿರಬೇಕೆಂದು ಗೊತ್ತುಮಾಡಿತು. ಬ್ಯಾಂಕಿನ ಮೂಲ ಖಾತೆಯೂ 2016ರಿಂದ ಹಕ್ಕೇ, ನೆಲೆಯಿಲ್ಲದವರಿಗೂ ಸಹ. ಇಷ್ಟು ದೂರ ಯೋಚಿಸಿದವರು ಇನ್ನೊಂದು ಹೆಜ್ಜೆ ಇಡಬಹುದು. ವಿಳಾಸ ಬರೆಸುವ ಕಚೇರಿಯಲ್ಲಿ ಅಧಿಕಾರಿ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು, ಮುಖ ನೋಡಿ, ಗುರುತು ಖಾತ್ರಿ ಮಾಡಿಕೊಳ್ಳುತ್ತಾರಲ್ಲ. ಅದೇ ಕೌಂಟರಿನಲ್ಲಿ ಒಂದು ಸಿಮ್ಮಿಗೂ ಜೀವ ಕೊಟ್ಟು ಕಳಿಸಬಹುದು. ನೆಲೆ ನಿಂತ ಮೇಲೆ ಲೈನು ಎನ್ನುವುದು ತಲೆಕೆಳಗಾದ ಕ್ರಮ. ಲೈನಿದ್ದರೇ ಮನೆ ಹುಡುಕಲು, ಕೆಲಸ ಹುಡುಕಲು, ಡಾಕ್ಟರನ್ನು ಕರೆಯಲು, ದಿಗಿಲಾದಾಗ ಅಮ್ಮನ ದನಿ ಕೇಳಲು ಆಗುವುದು.

ಅದಾಗುವವರೆಗೆ ನಮ್ಮ ಅಡುಗೆಮನೆಯ ಮೇಜೇ ಕೌಂಟರು. ಹೋದ ತಿಂಗಳು ಹುಬ್ಬಳ್ಳಿಯಿಂದ ಓದಲು ಬಂದ ಹುಡುಗನೊಬ್ಬ ನಮ್ಮ ವೈಫೈಯಲ್ಲಿ ಕೂತು ಗುರುತಿನ ಪರೀಕ್ಷೆ ಮುಗಿಸಿದ. ಅವನು ಆರಿಸಿದ ಸೇವೆ ನಮ್ಮ ಪಾಸ್‌ಪೋರ್ಟನ್ನು ಒಪ್ಪುತ್ತಿತ್ತು. ಸಿಮ್ಮಿಗೆ ಸಿಗ್ನಲ್ ಬಂದದ್ದೇ ಮನೆಗೆ ಹಚ್ಚಿದ. “ಅವ್ವಾ, ಹೊಸಾ ನಂಬರ್ ಬಂತು, ಬರ್ಕೋ.” ಆಚೆ ಕಡೆಯಿಂದ, “ತಡಿಯೋ, ಪೆನ್ ತರ್ತೀನಿ” ಎಂಬುದು ನಮಗೂ ಕೇಳಿಸಿತು. ಅವನು ಅಂಕಿಗಳನ್ನು ಎರಡೆರಡು ಸಲ ಹೇಳಿದ. ಅವನ ಕೋಣೆಯ ಇಂಟರ್ನೆಟ್ಟಿನ ಪೆಟ್ಟಿಗೆ ಮಂಗಳವಾರ ಬರುವುದಿದೆ. ಅಂಚೆಪೆಟ್ಟಿಗೆಯ ಮೇಲೆ ಅವನ ಹೆಸರಿನ್ನೂ ಇಲ್ಲ ಎಂದ. ಮಗಳು ದಪ್ಪ ಅಕ್ಷರದಲ್ಲಿ ಅಪ್ಪನ ಹೆಸರು, ಊರಿನ ಹೆಸರು ಸಮೇತ ಒಂದು ಚೀಟಿ ಅಚ್ಚು ಹಾಕಿಕೊಟ್ಟಳು. ಅಂಟಿಸಲು ಟೇಪೂ ಕೊಟ್ಟು, ಸೋಮವಾರ ರಾತ್ರಿಯೊಳಗೆ ಹಚ್ಚಬೇಕೆಂದು ಎರಡು ಸಲ ಹೇಳಿ ಕಳಿಸಿದಳು.